ಎರಡು ಮನೆಯ ಗಾಜು

"ಹೋದ ಶುಕ್ರವಾರ ಕೋಳಿ ಬೇಯಿಸಿದ್ದು ಇದೇ ಪಾತ್ರೇಲಿ ಅಲ್ವೇನಮ್ಮ?" ಎನ್ನುತ್ತ ಅತ್ತೆ ಗಿಟಲ್, ಬಾಯಿಯ ಹತ್ತಿರ ತಂದಿದ್ದ ಚಮಚವನ್ನು ಹಾಗೇ ಕೆಳಗಿಟ್ಟರು.

ಸೊಸೆ ಹಿಲಾ ಹೌದೆಂದು ತಲೆಯಾಡಿಸಿದಳು. ಯೆಹೂದಿಗಳ ಶಾವುವೋತ್ ಹಬ್ಬಕ್ಕೆ ಹಾಲಿನಡುಗೆಯೇ ಆಗಬೇಕೆಂದು ಆಲೂಗಡ್ಡೆಗೆ ಚೀಸ್ ಹಾಕಿ ಕೆಂಪಗೆ ಬೇಯಿಸಿದ್ದಳು. ಅಗಲವಾದ ಗಾಜಿನ ಪಾತ್ರೆ, ಮದುವೆಗೆ ತಾಯಿ ಕೊಟ್ಟದ್ದು.

"ಚೆನ್ನಾಗಿ ತೊಳೆದಿದ್ದೀನಿ ಅತ್ತೆ. ಗಾಜು ಏನನ್ನೂ ಹೀರ್ಕೊಳ್ಳಲ್ವಲ್ಲ."

"ಯಾರಮ್ಮ ಹೇಳಿದ್ದು? ಗಾಜು ಆಗೋದು ಮರಳಿಂದ. ಅದೂ ಮಣ್ಣಿನ ಮಡಕೆ ಥರಾನೇ. ಒಂದ್ಸಲ ಮಾಂಸ ಹತ್ತಿದ್ರೆ ಮುಗೀತು, ಆಮೇಲೆ ಹಾಲು ಮುಟ್ಟಿಸೋ ಹಾಗಿಲ್ಲ."

ಗಂಡ ಅನ್ಶೆಲ್ ಅಮ್ಮನ ಕಡೆಗೂ ನೋಡಲಿಲ್ಲ, ಹೆಂಡತಿಯ ಕಡೆಗೂ ನೋಡಲಿಲ್ಲ. ಆ ಮಧ್ಯಾಹ್ನ ಮೂವರೂ ಬ್ರೆಡ್ಡು, ಸೌತೆಕಾಯಿ ತಿಂದು ಎದ್ದರು.

ಹಬ್ಬ ಕಳೆದ ಮೇಲೆ ಹಿಲಾ ಪಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಬೀದಿಯ ಕೊನೆಯಲ್ಲಿದ್ದ ಧರ್ಮಗುರು ರಬ್ಬಿಯ ಮನೆಗೆ ಹೋದಳು. ಅವರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಕಬ್ಬಿಣನೋ ತಾಮ್ರನೋ ಆಗಿದ್ರೆ ಕುದಿಯೋ ನೀರಲ್ಲಿ ಅದ್ದಿ ತೆಗಿ ಅಂತಿದ್ದೆ. ಗಾಜಿಂದೇ ಗೋಳು. ನಿಮ್ಮ ಮೊರಾಕೊದವರಿಗೆ ತೊಳೆದ್ರೆ ಸಾಕು. ನಿನ್ನ ಗಂಡನ ಕಡೆಯವರು ಪೋಲೆಂಡಿನವರು, ಅವರಿಗೆ ಆಗಲ್ಲ. ಮದುವೆ ಆದ್ಮೇಲೆ ಗಂಡನ ಮನೆ ಪದ್ಧತೀನೇ ನಿಂದು."

"ಹಾಗಾದ್ರೆ ಇದು ಶುದ್ಧವೋ ಅಲ್ವೋ?"

"ನಿಮ್ಮಮ್ಮನ ಮನೇಲಿ ಶುದ್ಧ. ಅಲ್ಲಿಗೇ ಕೊಟ್ಬಿಡು ಮಗಳೇ."

ಜೆರುಸಲೇಮಿನ ಏರುದಾರಿಯಲ್ಲಿ ಬಸ್ಸು ಕುಲುಕುತ್ತ ಸಾಗಿತು. ಪಾತ್ರೆ ಹಿಲಾಳ ತೊಡೆಯ ಮೇಲಿತ್ತು. ಯಾವ ತಿರುವು ದಾಟಿದರೆ ಅದು ಶುದ್ಧವಾಗುತ್ತದೆ? ತಾನು ಹುಟ್ಟಿದಾಗಿನಿಂದ ಉಂಡದ್ದೆಲ್ಲ ಸರಿಯೇ ಆಗಿದ್ದರೆ, ಅತ್ತೆ ಮುಟ್ಟದೆ ಬಿಟ್ಟದ್ದು ಏನನ್ನು? ಯೋಚಿಸಿದಷ್ಟೂ ತಲೆ ಗೋಜಲಾಯಿತು.

ತಾಯಿ ಫ್ರೇಹಾ ಕಥೆಯೆಲ್ಲ ಕೇಳಿ ನಕ್ಕಳು. "ನಿಮ್ಮತ್ತೆ ನೀರನ್ನೂ ತೊಳೆದೇ ಕುಡೀತಾಳೆ ಬಿಡು!" ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ತಿರುಗಿಸಿ ತೊಳೆದಳು. ಮಗಳಿಗೆ ಇಷ್ಟವೆಂದು ಬದನೆಕಾಯಿ, ಚೀಸ್ ಹಾಕಿ ಓವನ್ನಿಗಿಟ್ಟಳು. ಬೆಂದ ಮೇಲೆ ತಟ್ಟೆಯ ತುಂಬ ಬಡಿಸಿದಳು.

ಹಿಲಾ ಫೋರ್ಕ್ ಹಿಡಿದು ಕೂತಳು. ಈ ಮೇಜಿನ ಮುಂದೆ ತಾನು ಯಾವ ಮನೆಯವಳು ಎಂದು ರಬ್ಬಿಯನ್ನು ಕೇಳಿರಲಿಲ್ಲ. ಕೈ ಮೇಲೇಳಲಿಲ್ಲ. ಫೋರ್ಕನ್ನು ಕೆಳಗಿಡಲೂ ಆಗಲಿಲ್ಲ.

"ಯಾಕೆ, ತುಂಬಾ ಬಿಸಿ ಇದ್ಯಾ?"

ಉತ್ತರಕ್ಕೂ ಕಾಯದೆ ಫ್ರೇಹಾ ಎದುರಿನಿಂದ ಬಾಗಿ, ಎರಡೂ ಕೆನ್ನೆ ಉಬ್ಬಿಸಿ, ಮಗಳ ತಟ್ಟೆಯ ಮೇಲೆ ಮೆಲ್ಲಗೆ ಊದತೊಡಗಿದಳು.