ಮಾಚಿಪತ್ರೆಯ ಕಾವು

"ಅತ್ತೆ, ಮೈ ಸಡಿಲ ಬಿಡಿ. ಹೀಗೆ ಬಿಗಿ ಹಿಡ್ಕೊಂಡ್ರೆ ಕಾವು ಒಳಗೆ ಇಳಿಯೋದು ಹೇಗೆ?"

"ಬೆನ್ನ ಮೇಲೆ ಬೆಂಕಿ ಹಿಡ್ಕೊಂಡು ಕೂತಿದ್ದೀಯ. ಸಡಿಲ ಬೇರೆ ಬಿಡಬೇಕಂತೆ," ಎಂದು ದೊಡ್ಡಕ್ಕ ದಿಂಬಿನೊಳಗೇ ಗೊಣಗಿದಳು. "ಸುಡಿಸ್ಕೊಳ್ಳೋಕೇ ನಿನ್ನನ್ನ ಮನೆ ತುಂಬಿಸ್ಕೊಂಡ ಹಾಗಾಯ್ತು."

ಒಣಗಿಸಿ ಪುಡಿ ಮಾಡಿದ ಮಾಚಿಪತ್ರೆಯನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಸುರುಳಿಯೊಂದು ಸೊಸೆಯ ಬಲಗೈಯಲ್ಲಿತ್ತು. ಅದರ ತುದಿಯಲ್ಲಿ ಉರಿಯಿಲ್ಲದ ಕೆಂಡ. ಅದನ್ನು ಅತ್ತೆಯ ಸೊಂಟಕ್ಕೆ ತಾಗಿಸದೆ, ತುಸು ಮೇಲೆ ಹಿಡಿದು, ನಿಧಾನವಾಗಿ ಸುತ್ತಿಸುತ್ತಿದ್ದಳು. ಬೂದಿ ಬೆಳೆದಾಗೆಲ್ಲ ಪಕ್ಕದ ಬಟ್ಟಲಿಗೆ ಉದುರಿಸುತ್ತಿದ್ದಳು. ಹೀಗೆ ಕಾವು ಕೊಡುವ ಚಿಕಿತ್ಸಾಲಯವೊಂದರಲ್ಲಿ ಅವಳಿಗೆ ಕೆಲಸ. ಊರಿನವರ ಬೆನ್ನು, ಮಂಡಿಗಳೆಲ್ಲ ಅವಳ ಕೈಗೆ ಬಂದು ಹೋಗುತ್ತಿದ್ದವು. ಮನೆಯ ಬೆನ್ನೊಂದೇ ಬಾಕಿ ಇತ್ತು.

ದೊಡ್ಡಕ್ಕನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬಾಗಿಲು ತುಂಬುವ ಆಳೆಂದು ಅಲ್ಲಿನವರು ಇಟ್ಟ ಹೆಸರೇ ದೊಡ್ಡಕ್ಕ. ಒದ್ದೆ ಹೊದಿಕೆಗಳ ಗಂಟನ್ನು ಉಳಿದವರು ಇಬ್ಬಿಬ್ಬರು ಹಿಡಿದರೆ ಅವಳೊಬ್ಬಳೇ ಎತ್ತಿ ಹೆಗಲಿಗೇರಿಸುತ್ತಿದ್ದಳು. ವರ್ಷಕ್ಕೊಮ್ಮೆ ಹಿತ್ತಲ ಅಂಗಳದಲ್ಲಿ ಲಾಂಡ್ರಿಯವರಿಗೂ ಅಡುಗೆಮನೆಯವರಿಗೂ ಹಗ್ಗಜಗ್ಗಾಟ ನಡೆದಾಗ, ಹಗ್ಗದ ತುದಿಯಲ್ಲಿ ನಿಲ್ಲುವವಳು ಅವಳೇ. ಆದರೆ ಒಂದು ದಿನ ಯಂತ್ರದ ಬಾಯಿಂದ ಗಂಟು ಎಳೆಯುವಾಗ ಸೊಂಟದಲ್ಲಿ ಏನೋ ಸೆಳೆದು, ಅವಳು ಬಗ್ಗಿದಲ್ಲೇ ನಿಂತುಬಿಟ್ಟಳು. ಮೂಳೆಗೇನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ ಎಂದು ವೈದ್ಯರು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು. ನೋವು ಮಾತ್ರ ಬಿಡಾರ ಕೀಳಲಿಲ್ಲ. ಸೂಪರ್‌ವೈಸರ್ ಒಳ್ಳೆಯವಳು. ಕುರ್ಚಿ ಹಾಕಿಸಿ, ಟವೆಲು ಮಡಚುವ ಕೆಲಸಕ್ಕೆ ಕೂರಿಸಿದಳು. ಹೋಗುವವರು ಬರುವವರು "ಪಾಪ" ಎನ್ನತೊಡಗಿದರು.

ಅಡುಗೆಮನೆಯ ಹಿರಿಯ ಭಟ್ಟ ಒಗೆಯಲು ಏಪ್ರನ್ನುಗಳನ್ನು ತಂದವನು ಅವಳ ಮುಂದೆ ನಿಂತು, "ಈ ಸಲ ತುದಿಗೆ ಯಾರನ್ನ ನಿಲ್ಲಿಸ್ತೀರಿ ದೊಡ್ಡಕ್ಕ? ಕುರ್ಚೀನಾ?" ಎಂದು ನಕ್ಕ. ಅವನದು ಬರೀ ತಮಾಷೆ. ಆದರೂ ಅದು ಮನೆಯವರೆಗೂ ಅವಳ ಜೊತೆ ನಡೆದು ಬಂತು. ಬಂದವಳೇ ಗೋಡೆ ನೋಡುತ್ತ ಮಗನಿಗೆ ಹೇಳಿದಳು: "ನಿನ್ನ ಹೆಂಡತಿ ಅದೇನೋ ಹೊಗೆ ಹಾಕ್ತಾಳಲ್ಲ, ಹಾಕಲಿ." ಮಗ ಚಪ್ಪಲಿ ಮೆಟ್ಟಿಕೊಂಡು ಹೆಂಡತಿಯನ್ನು ಕರೆತರಲು ಹೋದ.

ಈಗ ತಲೆ ಹೊರಳಿಸಿದರೆ ಬೀರುವಿನ ಕನ್ನಡಿಯಲ್ಲಿ ದೊಡ್ಡಕ್ಕನಿಗೆ ತನ್ನದೇ ಬೆನ್ನಿನ ಒಂದು ಭಾಗ ಕಾಣುತ್ತಿತ್ತು. ಕೆಂಡ ಸುತ್ತುತ್ತಿದ್ದ ಜಾಗದ ಆಚೆ ಈಚೆ ಸೊಸೆಯ ಎಡಗೈಯ ಎರಡು ಬೆರಳುಗಳು ಊರಿದ್ದವು. ತುದಿಗಳು ಕೆಂಪಾಗಿದ್ದವು.

"ಅಲ್ಲಿ ಯಾಕೆ ಬೆರಳು ಇಟ್ಟಿದ್ದೀಯ?"

"ನಿಮಗೆಷ್ಟು ಬಿಸಿ ಆಗ್ತಿದೆ ಅಂತ ನನಗೂ ಗೊತ್ತಾಗ್ಬೇಕಲ್ಲ ಅತ್ತೆ. ನೀವಂತೂ ಬಾಯಿಬಿಟ್ಟು ಹೇಳೋರಲ್ಲ."

ದೊಡ್ಡಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಹೆಗಲು ಇಳಿಯಿತು, ಆಮೇಲೆ ಬೆನ್ನು. ಕಾವು ಚರ್ಮ ದಾಟಿ, ಹಿಡಿದುಕೊಂಡಿದ್ದ ಜಾಗವನ್ನು ಹುಡುಕಿಕೊಂಡು ಹೋಗುತ್ತಿರುವುದು ಅವಳಿಗೇ ತಿಳಿಯುತ್ತಿತ್ತು.

"ಸ್ವಲ್ಪ ಕೆಳಗೆ," ಎಂದಳು ಕೊನೆಗೆ. "ಎಡಕ್ಕೆ. ಹಾಂ. ಅಲ್ಲೇ ಕಳ್ಳ ಕೂತಿರೋದು."

ಅಂದಿನಿಂದ ಸಂಜೆಯಾದರೆ ಮನೆಯಲ್ಲಿ ಮಾಚಿಪತ್ರೆಯ ಘಾಟು. ಮಗ ಕೆಮ್ಮುತ್ತ ಕಿಟಕಿ ತೆಗೆಯುತ್ತಿದ್ದ. ಪಕ್ಕದ ಮನೆಯವಳು ಏನು ಸೀದುಹೋಯಿತು ಎಂದು ಬಂದು ವಿಚಾರಿಸಿದಳು. ಒಳಗೆ ಅತ್ತೆ ಬೋರಲು ಮಲಗಿ ಲಾಂಡ್ರಿಯ ಸುದ್ದಿ ಹೇಳುತ್ತಿದ್ದಳು, ಸೊಸೆ ತನ್ನ ರೋಗಿಗಳ ಸುದ್ದಿ. ಕಾವು ಮುಗಿದ ಮೇಲೆ ವೈದ್ಯರು ಹೇಳಿದ್ದ ವ್ಯಾಯಾಮವನ್ನೂ ಸೊಸೆ ಬಿಡದೆ ಮಾಡಿಸುತ್ತಿದ್ದಳು. ಒಂದು ಬೆಳಿಗ್ಗೆ ದೊಡ್ಡಕ್ಕ ಬಗ್ಗಿ ಚಪ್ಪಲಿ ಎತ್ತಿಕೊಂಡಳು. ಎದ್ದು ನಿಂತ ಮೇಲಷ್ಟೇ ನೋವಾಗಲಿಲ್ಲವೆಂದು ಹೊಳೆಯಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚಪ್ಪಲಿಯನ್ನು ನೆಲಕ್ಕೆ ಹಾಕಿ ಇನ್ನೊಮ್ಮೆ ಬಗ್ಗಿದಳು.

"ನೋಡಿದೆ," ಎಂದಳು ಒಲೆಯ ಮುಂದಿದ್ದ ಸೊಸೆ.

"ನೋಡಿದ್ರೆ ನೋಡು. ಹಗ್ಗ ಹಿಡೀಲಾ?"

"ಮೊದಲು ಮಂಡಿ ಬಗ್ಗಿಸಿ ಒದ್ದೆ ಗಂಟು ಎತ್ತಿ. ಎತ್ತೋಕಾದ್ರೆ ಹಿಡೀರಿ. ಆದ್ರೆ ಸೊಂಟದಲ್ಲಿ ಚುಚ್ಚಿದ ತಕ್ಷಣ ಬಿಟ್ಟುಬಿಡಬೇಕು."

"ಬಿಡ್ತೀನಿ."

"ನೀವು ಬಿಡಲ್ಲ."

"ಗೊತ್ತಿದ್ದೂ ಯಾಕೆ ಹೇಳ್ತೀಯ ಮತ್ತೆ?"

ಗಂಟು ಎದ್ದಿತು. ಕುರ್ಚಿ ಖಾಲಿಯಾಯಿತು. ಪಂದ್ಯದ ದಿನ ಸೊಸೆ ಅರ್ಧ ದಿನದ ರಜೆ ಹಾಕಿ ಬಂದು ಅಂಗಳದ ಗೋಡೆಗೆ ಒರಗಿ ನಿಂತಳು.

ಅಡುಗೆಮನೆಯವರು ದಷ್ಟಪುಷ್ಟ ಜನ. ಸೀಟಿ ಊದಿದ್ದೇ ತಡ, ಲಾಂಡ್ರಿಯವರ ಸಾಲು ಸರಸರನೆ ಮುಂದಕ್ಕೆ ಜಾರಿತು. ದೊಡ್ಡಕ್ಕ ಹಗ್ಗವನ್ನು ಸೊಂಟಕ್ಕೆ ಬಳಸಿಕೊಂಡು, ಹಿಮ್ಮಡಿ ನೆಲಕ್ಕೆ ನಾಟಿ, ಹಿಂದಕ್ಕೆ ಒರಗಿದಳು. ಇನ್ನೇನು ಚುಚ್ಚುತ್ತದೆ ಎಂದು ಕಾದಳು. ಚುಚ್ಚಲಿಲ್ಲ. ಭಾರ ಬೆನ್ನಿಗೆ ಬಂತು, ಬೆನ್ನು ಅದನ್ನು ಹೊತ್ತುಕೊಂಡಿತು. ಜಾರುತ್ತಿದ್ದ ಸಾಲು ನಿಂತಿತು.

"ದೊಡ್ಡಕ್ಕ, ಅದೇನು ಘಾಟು ನಿಮ್ಮ ಮೈಮೇಲೆ?" ಎಂದಳು ಮುಂದೆ ಹಗ್ಗ ಹಿಡಿದಿದ್ದವಳು, ಏದುಸಿರಿನಲ್ಲೇ.

"ಮೂಗು ಮುಚ್ಕೊಂಡು ಎಳಿ."

ದೊಡ್ಡಕ್ಕ ಗಾಳಿಯನ್ನು ಹೊಟ್ಟೆಯವರೆಗೆ ಎಳೆದುಕೊಂಡು ಒಂದು ಹೆಜ್ಜೆ ಹಿಂದಿಟ್ಟಳು. ಇಡೀ ಸಾಲು ಅವಳ ಜೊತೆ ಒಂದು ಹೆಜ್ಜೆ ಹಿಂದಕ್ಕೆ ಬಂತು. ಇನ್ನೊಂದು. ಎದುರಿನವರ ಮುಖ ಕೆಂಪೇರಿತು, ಕಾಲು ತಡಬಡಿಸಿತು. ಮೂರನೆಯದಕ್ಕೆ ಅಡುಗೆಮನೆಯ ಸಾಲು ಒಬ್ಬರ ಮೇಲೊಬ್ಬರಾಗಿ ಗೆರೆಯ ಈಚೆ ಬಂದು ಬಿದ್ದಿತು. ಎಲ್ಲರ ಅಡಿಯಲ್ಲಿ ಹಿರಿಯ ಭಟ್ಟ. ಮೇಲಿನ ಕಿಟಕಿಗಳಲ್ಲಿ ನರ್ಸುಗಳು ತಟ್ಟೆ ಬಡಿದರು. ಲಾಂಡ್ರಿಯ ಹೆಂಗಸರು ದೊಡ್ಡಕ್ಕನನ್ನು ಎತ್ತಲು ನೋಡಿ, ಆಗದೆ, ಸುತ್ತುವರಿದು ಕುಣಿದರು. ನಡುವೆ ಅವಳೂ ಕುಣಿದಳು.

ಭಟ್ಟ ಸೊಂಟ ಹಿಡಿದುಕೊಂಡು ಎದ್ದು ಬಂದ. "ಏನು ಮಾಡಿಸ್ಕೊಂಡ್ರಿ ಹೇಳಿ ದೊಡ್ಡಕ್ಕ. ಈಗ ನಂದೇ ಹೋಯ್ತು."

ದೊಡ್ಡಕ್ಕ ಗೋಡೆಯ ಕಡೆ ಕೈ ತೋರಿಸಿ, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದಳು: "ಅಗೋ, ನನ್ನ ಸೊಸೆ. ಹೋಗಿ ಅವಳ ಮುಂದೆ ಮಲ್ಕೊಳ್ಳಿ."

ಜನ ಚದುರಿದರು. ಒಳಗೆ ಯಂತ್ರಗಳು ಮತ್ತೆ ತಿರುಗತೊಡಗಿದವು. ಸೊಸೆ ಮಾತ್ರ ಅಂಗಳದಲ್ಲಿ ಉಳಿದಿದ್ದಳು. ಅತ್ತೆ ನಿಂತಿದ್ದ ಜಾಗದಲ್ಲಿ ಹಿಮ್ಮಡಿಗಳು ಕೊರೆದ ಎರಡು ಗುಂಡಿಗಳಿದ್ದವು. ಅವಳು ಆಚೆ ಈಚೆ ನೋಡಿ, ಚಪ್ಪಲಿ ಕಳಚಿ, ಒಂದರೊಳಗೆ ತನ್ನ ಹಿಮ್ಮಡಿ ಊರಿದಳು. ಮಣ್ಣು ತಣ್ಣಗಿತ್ತು. ಅವಳ ಹಿಮ್ಮಡಿಯ ಸುತ್ತಲೂ ಗುಂಡಿಯಲ್ಲಿ ಇನ್ನೂ ಜಾಗವಿತ್ತು.