ಮಾಳಮ್ಮನ ರೆಕಾರ್ಡ್ ಬುಕ್ಕು

ಎಂಬತ್ನಾಲ್ಕನೆಯ ಇಸವಿಯಲ್ಲಿ ಅಫಜಲಪುರದ ಆ ಕಾಲೇಜಿನೊಳಗೆ ಬಿ.ಎಸ್ಸಿ. ಮೊದಲ ವರ್ಷಕ್ಕೆ ಇಪ್ಪತ್ಮೂರು ಮಂದಿ ಇದ್ದರು. ಇಪ್ಪತ್ತೆರಡು ಗಂಡುಹುಡುಗರು, ಒಬ್ಬಳು ಮಾಳಮ್ಮ. ಘತ್ತರಗಿಯಿಂದ ದಿನಾ ಬಸ್ಸಿಗೆ ಬರುವವಳು. ಅವಳಪ್ಪ ಬೀರಲಿಂಗಪ್ಪನಿಗೆ ಹೊಳೆದಂಡೆಯಲ್ಲಿ ನೆಟ್ಟ ಅಳತೆಪಟ್ಟಿ ನೋಡಿ ಭೀಮೆಯ ನೀರಿನ ಮಟ್ಟ ಬರೆದಿಡುವ ಸರಕಾರಿ ಕೆಲಸ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ.

ಭೌತಶಾಸ್ತ್ರ ಕಲಿಸುತ್ತಿದ್ದ ದೇವಿಂದ್ರಪ್ಪ ಸರ್ ಇನ್ನೂ ಕಾಯಂ ಆಗಿರಲಿಲ್ಲ. ಪಾಠವನ್ನು ಮಾತ್ರ ಜೀವ ಬಿಟ್ಟು ಮಾಡುತ್ತಿದ್ದರು. "ನಿಮ್ಮ ಬಸ್ಸು ಒಂದು ತಾಸಿಗೆ ಇಲ್ಲಿ ಮುಟ್ಟತದ. ಹಂಗಾದ್ರ ಹಳ್ಳಾ ಇಳಿಯೂ ಗಳಿಗಿಗೆ ಅದರ ವೇಗ ಎಷ್ಟು? ಹೇಳಾಕ ಬರಂಗಿಲ್ಲ. ಕಾಲಾ ಸಣ್ಣದು ಮಾಡ್ರಿ. ಇನ್ನಾ ಸಣ್ಣದು ಮಾಡ್ರಿ. ಸೊನ್ನಿ ಬಾಗಿಲಿಗೆ ಒಯ್ದು ನಿಲ್ಲಸ್ರಿ. ಆಗ ಸಿಗತದ ನೋಡ್ರಿ, ಆ ಗಳಿಗಿ ವೇಗ."

ಪಿಯುಸಿಯಲ್ಲಿ ಉರುಹೊಡೆದಿದ್ದ ಕಲನಶಾಸ್ತ್ರ ಅವತ್ತು ಮಾಳಮ್ಮನ ತಲೆಯೊಳಗೆ ಜೀವ ತಳೆಯಿತು. ಊರಿಗೆ ಹೋಗಿ ಅಪ್ಪನ ಪುಸ್ತಕ ತೆಗೆದು ನೋಡಿದಳು. ಮುಂಜಾನೆಯ ಮಟ್ಟವಿದೆ, ಸಂಜೆಯ ಮಟ್ಟವಿದೆ. ನಡುಮಧ್ಯಾಹ್ನ ಹೊಳೆ ಎಷ್ಟು ಜೋರಿನಿಂದ ಏರುತ್ತಿತ್ತು? ಅವಳಿಗೆ ಹಸಿವಿನಂಥ ಕುತೂಹಲ ಹುಟ್ಟಿತು.

ಆದರೆ ಪ್ರಯೋಗಾಲಯದ ಕಥೆಯೇ ಬೇರೆ. ಅಲ್ಲಿ ಆಳೆತ್ತರದ ಎರಡು ಕಪಾಟುಗಳಿದ್ದವು, ಎರಡಕ್ಕೂ ಬೀಗ. ಎಂದೋ ಒಬ್ಬ ವಿದ್ಯಾರ್ಥಿ ಲೆನ್ಸ್ ಒಡೆದು ವಿಚಾರಣೆ ನಡೆದಿತ್ತಂತೆ. ಅಂದಿನಿಂದ ಚಾಬಿ ಪ್ರಿನ್ಸಿಪಾಲ್ ಜಗದೇವಪ್ಪನವರ ಟೇಬಲ್ಲಿನೊಳಗೆ ಸೇರಿತ್ತು. ಪ್ರತಿ ಬುಧವಾರ ಅಟೆಂಡರ್ ಖಾದರಸಾಬ ಹಳೆಯದೊಂದು ನೋಟುಬುಕ್ಕು ಹಿಡಿದು ಬಂದು, ಕನ್ನಡಕ ಏರಿಸಿ, ನಿರಾಳವಾಗಿ ಹೇಳುತ್ತಿದ್ದ: "ಬರ್ಕೊಳ್ರಿ. ಪ್ರಯೋಗ ನಾಕು. ಮೊದಲ್ನೇ ರೀಡಿಂಗ್, ಮೂವತ್ತೆರಡು ಪಾಯಿಂಟ್ ಆರು..."

ಹುಡುಗರು ಬರೆದುಕೊಳ್ಳುತ್ತಿದ್ದರು. ಮೂರು ಬುಧವಾರ ಮಾಳಮ್ಮನೂ ಬರೆದಳು. ನಾಲ್ಕನೆಯ ಬುಧವಾರ ಪೆನ್ನು ಕೆಳಗಿಟ್ಟಳು.

"ಯಾಕ ಬೇ, ಶಾಯಿ ಮುಗೀತೇನು?" ಎಂದ ಪಕ್ಕದ ಹುಲೆಪ್ಪ.

"ನಾ ನೋಡಿಲ್ಲ. ನೋಡದ್ದು ಹೆಂಗ ಬರೀಲಿ?"

ಮರುದಿನ ಹೊಸ ರೆಕಾರ್ಡ್ ಬುಕ್ಕು ತಂದಳು. ಪ್ರತಿ ಪ್ರಯೋಗಕ್ಕೂ ಒಂದು ಹಾಳೆ. ಮೇಲೆ ಉದ್ದೇಶ, ಸೂತ್ರ, ಸೂತ್ರವನ್ನು ಸಾಧಿಸುವ ಗಣಿತವೆಲ್ಲ ಚೊಕ್ಕಟವಾಗಿ. ಕೆಳಗೆ, ರೀಡಿಂಗಿನ ಕೋಷ್ಟಕ ಇರಬೇಕಾದ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ: "ಮಾಡಿಲ್ಲ. ಉಪಕರಣ ಕಪಾಟಿನಲ್ಲಿದೆ. ಕಪಾಟಿಗೆ ಬೀಗವಿದೆ." ಹೀಗೆ ಹನ್ನೊಂದು ಹಾಳೆ.

ಹನ್ನೆರಡನೆಯದು ಮಾತ್ರ ಹಾಗಿರಲಿಲ್ಲ. ಅದು ಸರಳ ಲೋಲಕ. ದಾರಕ್ಕೆ ಹಿತ್ತಾಳೆ ತೂಕದಕಲ್ಲು ಕಟ್ಟಿ, ಮನೆಯ ಮುಂದಿನ ಬೇವಿನ ಕೊಂಬೆಗೆ ಇಳಿಬಿಟ್ಟು, ಅಪ್ಪನ ಕೈಗಡಿಯಾರ ಹಿಡಿದು ಐವತ್ತೈವತ್ತು ತೂಗು ಎಣಿಸಿದ್ದಳು. ಗುರುತ್ವಾಕರ್ಷಣೆ ಸೆಂಟಿಮೀಟರಿನ ಲೆಕ್ಕದಲ್ಲಿ ಒಂಬತ್ನೂರಾ ಎಂಬತ್ತರ ಹತ್ತಿರ ಬರಬೇಕು, ಅವಳಿಗೆ ಬಂದದ್ದು ಒಂಬತ್ನೂರಾ ಅರವತ್ತೊಂದು. ಅಷ್ಟನ್ನೇ ಬರೆದಿದ್ದಳು.

ಅಪ್ಪನಿಗೆ ಇದು ತಿಳಿದು ಗಾಬರಿಯಾಯಿತು. "ಬರ್ದು ಬಿಡು ಬೇ," ಎಂದ. "ನನಗ ಜ್ವರ ಬಂದಾಗ ಮೂರು ದಿನಾ ಹಾಸಿಗಿ ಮ್ಯಾಲೆ ಮಲಕೊಂಡೇ ನೀರಿನ ಮಟ್ಟ ಬರ್ದೇನಿ. ಹೊಳಿ ಏನ ಸಿಟ್ಟಾತೇನು?"

ಮಾಳಮ್ಮ ಬೆರಗಾಗಿ ಅವನನ್ನೇ ನೋಡಿದಳು. ಅಪ್ಪನ ಪುಸ್ತಕವನ್ನು ಅವಳು ದೇವರಂತೆ ನಂಬಿದ್ದಳು. "ಯಾವ ಮೂರು ದಿನಾ ಎಪ್ಪಾ?"

"ನೆನಪಿಲ್ಲ ಈಗ."

"ಅದಕ್ಕ ನೋಡು. ಇನ್ನ ಮ್ಯಾಲೆ ಆ ಪುಸ್ತಕದಾಗ ಯಾವ ದಿನಾ ನಂಬಬೇಕು, ಯಾವ ದಿನಾ ಬಿಡಬೇಕು, ನನಗ ಗೊತ್ತಾಗಂಗಿಲ್ಲ." ಬೀರಲಿಂಗಪ್ಪ ರುಮಾಲು ಸುತ್ತಿಕೊಂಡು ಎದ್ದು ಹೋದ. ಎರಡು ದಿನ ಮಗಳೊಡನೆ ಮಾತಾಡಲಿಲ್ಲ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ದೇವಿಂದ್ರಪ್ಪ ಸರ್ ರೆಕಾರ್ಡಿಗೆ ಸಹಿ ಹಾಕಲು ಕೂತರು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಮಾಳಮ್ಮನ ಬುಕ್ಕು ತೆರೆದವರು ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು. ಮುಖ ಕಪ್ಪಿಟ್ಟಿತು.

"ಏನವ್ವಾ ಇದು? ನನ್ನ ನೌಕರಿ ತೆಗಸಬೇಕಂತ ಮಾಡೀಯೇನು?"

"ಇದರಾಗ ಒಂದು ಸುಳ್ಳು ತೋರಸ್ರಿ ಸರ್. ಇಲ್ಲೇ ಹರಿದು ಹಾಕತೇನಿ."

ಸರ್ ಹಾಳೆ ತಿರುವುತ್ತಾ ಹೋಗಿ ಬೇವಿನ ಕೊಂಬೆಯ ಲೋಲಕಕ್ಕೆ ಬಂದರು. ಅಲ್ಲಿ ಅವರ ಬೆರಳು ನಿಂತಿತು. "ಅರವತ್ತೊಂದು ಯಾಕ ಬಂತು?"

"ಕೊಂಬಿನೂ ಸ್ವಲ್ಪ ತೂಗತಿತ್ರಿ. ಲೋಲಕದ ಉದ್ದಾ ನಾ ಅಳದದ್ದಕ್ಕಿಂತ ಹೆಚ್ಚಾದಂಗಾತು. ಅದಕ್ಕ ನಿಧಾನ ತೂಗೇದ. ಕೆಳಗ ಬರ್ದೇನಿ ನೋಡ್ರಿ."

ಅವರು ನೋಡಿದರು. "ನಾ ಎಂ.ಎಸ್ಸಿ.ಯೊಳಗೂ ಇಂಥಾ ಕಾರಣಾ ಬರ್ದಿಲ್ಲ," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಹನ್ನೆರಡೂ ಹಾಳೆಗೆ ಸಹಿ ಹಾಕಿದರು.

ಸುದ್ದಿ ಜಗದೇವಪ್ಪನವರಿಗೆ ಮುಟ್ಟಲು ಒಂದು ತಾಸೂ ಹಿಡಿಯಲಿಲ್ಲ. ಇಬ್ಬರನ್ನೂ ಕರೆಸಿದರು. "ಹೊರಗಿನ ಪರೀಕ್ಷಕರ ಮುಂದ ಕಾಲೇಜಿನ ಮಾನಾ ಕಳೀತೀ ಏನು? ಸುಮ್ಮನ ಬ್ಯಾರೇ ಬುಕ್ಕು ಬರಿ."

"ಕಾಲೇಜಿನ ಮಾನಾ ಆ ಕಪಾಟದಾಗೇ ಅದರಿ," ಎಂದಳು ಮಾಳಮ್ಮ. "ಚಾಬಿ ನಿಮ್ಮ ಹತ್ರ ಅದ."

ಪ್ರಿನ್ಸಿಪಾಲರು ದೇವಿಂದ್ರಪ್ಪ ಸರ್ ಕಡೆ ತಿರುಗಿ, ಸಹಿ ಹೊಡೆದುಹಾಕಿರೆಂದು ಹುಕುಂ ಮಾಡಿದರು. ಸರ್ ನೆಲ ನೋಡುತ್ತಲೇ "ಹಾಕಿದ್ದು ಹಾಕೇನ್ರಿ," ಎಂದರು. ಅಷ್ಟೇ. ಆದರೆ ಆ ಕೋಣೆಯಲ್ಲಿ ಅಷ್ಟು ಮಾತು ಅವರು ಹಿಂದೆಂದೂ ಆಡಿರಲಿಲ್ಲ.

ಪರೀಕ್ಷೆಗೆ ಗುಲಬರ್ಗಾದಿಂದ ಬಂದವರು ಶಿವಕಾಂತಾ ಮೇಡಂ. ನಗುವ ಪೈಕಿಯವರಲ್ಲ. ಇಪ್ಪತ್ಮೂರು ರೆಕಾರ್ಡುಗಳನ್ನು ಮುಂದಿಟ್ಟುಕೊಂಡು ಕೂತರು. ಇಪ್ಪತ್ತೆರಡರಲ್ಲಿ ಅದೇ ಅಂಕಿ, ಅದೇ ದಶಮಾಂಶ, ಐದನೆಯ ಪ್ರಯೋಗದಲ್ಲಿ ಅದೇ ಕೂಡಿಸುವ ತಪ್ಪು. ಆಮೇಲೆ ಮಾಳಮ್ಮನದು ಓದಿದರು. ಓದಿ ಮುಗಿಸಿ ತಲೆ ಎತ್ತಿದರು.

"ಕಪಾಟ ತೆಗಸ್ರಿ."

ಜಗದೇವಪ್ಪನವರು ಚಾಬಿ ಸಿಗುತ್ತಿಲ್ಲವೆಂದರು. "ಸಿಗೂ ತನಕ ಕೂಡತೇನಿ," ಎಂದು ಮೇಡಂ ಕುರ್ಚಿಗೆ ಬೆನ್ನು ಕೊಟ್ಟರು. ಅರ್ಧ ತಾಸಿನಲ್ಲಿ ಚಾಬಿ ಸಿಕ್ಕಿತು. ಖಾದರಸಾಬ ಬಾಗಿಲು ಎಳೆದಾಗ ಒಳಗೆ ಹುಲ್ಲು ಸುತ್ತಿದ್ದ ಹೊಚ್ಚಹೊಸ ಉಪಕರಣಗಳು ಸಾಲಾಗಿ ಕೂತಿದ್ದವು. "ಯಾ ಅಲ್ಲಾ, ಇಷ್ಟೆಲ್ಲಾ ಐತೇನು!" ಎಂದ ಅವನೇ.

ಈಗ ಎಲ್ಲರೂ ಪ್ರಯೋಗವನ್ನು ನಿಜವಾಗಿ ಮಾಡಬೇಕು. ಹುಲೆಪ್ಪ ಹಲ್ಲು ಕಚ್ಚಿ, "ನಿನ್ನ ಸಲುವಾಗಿ ನಾವೆಲ್ಲಾ ಸಾಯ್ತೀವಲೇ," ಎಂದ.

ಮಾಳಮ್ಮನ ಪಾಲಿಗೆ ಬಂದದ್ದು ಬಾರ್ ಪೆಂಡುಲಮ್, ಉದ್ದಕ್ಕೂ ತೂತಿರುವ ಮೀಟರುದ್ದದ ಕಬ್ಬಿಣದ ಪಟ್ಟಿ. ಚಿತ್ರದಲ್ಲಷ್ಟೇ ನೋಡಿದ್ದಳು. ಎರಡು ಸಲ ಆಧಾರದಿಂದ ಜಾರಿ ಬಿತ್ತು. ಮೂರನೆಯ ಸಲ ನಿಂತಿತು. ತೂಗು ಎಣಿಸುತ್ತಾ, ಪ್ರತಿ ತೂತಿಗೂ ಕಾಲ ಬರೆಯುತ್ತಾ ಹೋದಳು. ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಂಡರೆ ಎಣಿಕೆ ತಪ್ಪುತ್ತದೆಂದು ಹಾಗೇ ಬಿಟ್ಟಳು. ಗಂಟೆ ಬಾರಿಸಿದಾಗ ಪಟ್ಟಿಯ ಒಂದು ಬದಿಯಷ್ಟೇ ಮುಗಿದಿತ್ತು.

ಶಿವಕಾಂತಾ ಮೇಡಂ ಹಾಳೆ ತೆಗೆದುಕೊಂಡು ಹೇಳಿದರು: "ಅರ್ಧಾ ಆಗ್ಯಾದ, ನಲವತ್ತಕ್ಕ ಇಪ್ಪತ್ತು. ರೆಕಾರ್ಡಿಗೆ ಹತ್ತಕ್ಕ ಒಂದು. ಒಂದೇ ಪ್ರಯೋಗ ಮಾಡೀ. ನನ್ನ ಕಡಿಂದ ದಯಾ ಮಾಯಾ ಬಯಸಬ್ಯಾಡ."

"ಬಯಸಂಗಿಲ್ರಿ. ಆ ಒಂದು ನಂದು. ಅಷ್ಟು ಸಾಕು."

ಮೇಡಂ ಮುಂದಿನ ಮೇಜಿಗೆ ಹೋದರು.

ಐವತ್ತಕ್ಕೆ ಇಪ್ಪತ್ತೊಂದು ಬಂತು. ಪಾಸು. ಐದು ಹುಡುಗರು ಫೇಲಾದರು, ಅದರಲ್ಲಿ ಹುಲೆಪ್ಪನೂ ಒಬ್ಬ. ದೇವಿಂದ್ರಪ್ಪ ಸರ್‌ಗೆ ಮುಂದಿನ ವರ್ಷದ ನೇಮಕದ ಆದೇಶ ಬರಲಿಲ್ಲ. ಜೇವರ್ಗಿ ಕಡೆ ಹೈಸ್ಕೂಲೊಂದರಲ್ಲಿ ಕೆಲಸ ಸಿಕ್ಕಿತೆಂದು ಆಮೇಲೆ ತಿಳಿಯಿತು. ಅದನ್ನು ಕೇಳಿದ ದಿನ ಮಾಳಮ್ಮನಿಗೆ ಊಟ ಸೇರಲಿಲ್ಲ.

ಜೂನಿನಲ್ಲಿ ಎರಡನೆಯ ವರ್ಷದ ಅಡ್ಮಿಶನ್ನಿಗೆ ಹೋದಾಗ ಕಾರಕೂನ ಅವಳ ಅರ್ಜಿ ಪಕ್ಕಕ್ಕೆ ಸರಿಸಿದ. "ಪ್ರಿನ್ಸಿಪಾಲ ಸಾಹೇಬರು ಹೇಳ್ಯಾರ. ಹೆಣ್ಮಕ್ಕಳಿಗೆ ಬಿ.ಎ. ಚಲೋ. ಭೌತಶಾಸ್ತ್ರ ಯಾಕ ಬೇಕು?"

ಹಿಂದೆ ಸಾಲು ಬೆಳೆಯುತ್ತಿತ್ತು. ಮಾಳಮ್ಮ ಕಿಟಕಿಯ ಸರಳು ಹಿಡಿದು ನಿಂತಳು.

"ಭೌತಶಾಸ್ತ್ರ ಅಂತ ಬರೀರಿ," ಎಂದಳು. "ನೀವು ಬರಿಯೂ ತನಕ ನಾ ಇಲ್ಲಿಂದ ಹಂದಂಗಿಲ್ಲ."

ಬಿಸಿಲು ಏರಿತು. ಹಿಂದಿದ್ದವರು ಗೊಣಗಿದರು, ತಳ್ಳಿದರು. ಅವಳು ಕದಲಲಿಲ್ಲ. ಕಾರಕೂನ ಕಡೆಗೆ ಅರ್ಜಿಯನ್ನು ಎಳೆದುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದ.