ಸ್ವಂತ ಗೋಡೆ

"ಇನ್ನೂ ಎರಡು ಬೆರಳು ಮೇಲೆ," ಎಂದಳು ಹೆಂಡತಿ, ಕುರ್ಚಿಯ ಮೇಲೆ ನಿಂತಿದ್ದ ಗಂಡನಿಗೆ. "ನನ್ನ ಬೆರಳಲ್ಲಿ ಎರಡು ಬೆರಳು ರೀ. ನಿಮ್ಮ ಬೆರಳಲ್ಲಿ ಅಳೆದ್ರೆ ತಾರಸಿಗೆ ಹೋಗಿ ಮುಟ್ಟುತ್ತೆ."

ಅವನು ಪೆನ್ಸಿಲಿನ ಗುರುತನ್ನು ಉಜ್ಜಿ ಸ್ವಲ್ಪ ಮೇಲೆ ಇನ್ನೊಂದು ಹಾಕಿದ. ಬಡಗಿಯ ಹತ್ತಿರ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದ ಡ್ರಿಲ್ಲನ್ನು ಎತ್ತಿ ಒತ್ತಿದ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನ ಕೈ. ಯಂತ್ರ ಎಷ್ಟು ಗುರುಗುಟ್ಟಿದರೂ ಅಲುಗಲಿಲ್ಲ. ಹೊಸ ಬಣ್ಣದ ಒಳಗಿನಿಂದ ಇಟ್ಟಿಗೆಯ ಕೆಂಪು ಪುಡಿ ಸುರಿಯಿತು. ಕೆಳಗೆ ಹಳೆಯ ಪೇಪರು ಹಿಡಿದು ನಿಂತಿದ್ದ ಮಗಳು ಸೀನಿದಳು.

"ಗೋಡೆಗೆ ಮೊಳೆ ಹೊಡೀಬಾರದು." ಮದುವೆಯಾದಾಗಿನಿಂದ ಅವರಿದ್ದ ಐದು ಬಾಡಿಗೆ ಮನೆಗಳ ಐವರೂ ಮಾಲೀಕರು ಬೀಗದ ಕೈ ಕೊಡುವಾಗ ಹೇಳಿದ ಮೊದಲ ಮಾತು ಅದು. ಮೂರನೆಯ ಮನೆಯ ಮುದುಕಿಯಂತೂ ತಿಂಗಳಿಗೊಮ್ಮೆ ಬಂದು, ಹಸುವಿನ ಮೈ ಸವರುವ ಹಾಗೆ ಗೋಡೆಗಳನ್ನು ಸವರಿ ನೋಡಿ ಹೋಗುತ್ತಿದ್ದಳು. ಹಾಗಾಗಿ ಗೋಡೆಗೆ ಹೋಗಬೇಕಾದದ್ದೆಲ್ಲ ತಗಡಿನ ಟ್ರಂಕಿಗೆ ಹೋಯಿತು. "ನಮ್ಮ ಮನೆ ಆದಾಗ ಹಾಕೋಣ" ಎನ್ನುತ್ತಾ ಅವಳು ಒಂದೊಂದನ್ನೂ ಹೊಲಿಗೆಯಲ್ಲಿ ಉಳಿದ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಟ್ರಂಕು ಐದು ಮನೆ ಕಂಡಿತು. ಒಂದು ಮನೆಯಲ್ಲಿ ಬೆಂಚಾಯಿತು, ಇನ್ನೊಂದರಲ್ಲಿ ಹೊಲಿಗೆ ಯಂತ್ರಕ್ಕೆ ಮೇಜಾಯಿತು. ಮಗಳು ಎಸ್ಸೆಸ್ಸೆಲ್ಸಿಗೆ ಓದಿದ್ದು ಅದರ ಮೇಲೆ ಪುಸ್ತಕ ಇಟ್ಟುಕೊಂಡೇ.

ಊರ ಹೊರಗಿನ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಈ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಭಾನುವಾರ ಮಾತ್ರ ರಜೆ. ಆ ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟವಳೇ ಅಮ್ಮ ಟ್ರಂಕಿನ ಚಿಲಕ ತೆಗೆದಿದ್ದಳು.

ಮೊದಲು ಗೋಡೆ ಹತ್ತಿದ್ದು ಅಮ್ಮನ ತಾಯಿ ಬಟ್ಟೆ ಅಳೆಯುತ್ತಿದ್ದ ಮರದ ಗಜಕಡ್ಡಿ. ಆಮೇಲೆ ಅಮ್ಮ ಹದಿಮೂರನೆಯ ವಯಸ್ಸಿನಲ್ಲಿ ಹಾಕಿದ ಕಸೂತಿ ಬಾತುಕೋಳಿ. ಲೆಕ್ಕ ತಪ್ಪಿ ಅದಕ್ಕೆ ಮೂರು ಕಾಲು ಬಂದಿದ್ದವು. ಅವನು ಓಡಿಸಿದ ಮೊದಲ ಬಸ್ಸಿನ ರಬ್ಬರ್ ಹಾರ್ನ್ ಅಡುಗೆಮನೆ ಬಾಗಿಲ ಪಕ್ಕ ಸೇರಿತು. "ಊಟಕ್ಕೆ ಕರೆಯೋಕೆ ಆಯ್ತು," ಎಂದು ಮಗಳು ಅದನ್ನು ಎರಡು ಸಲ ಒತ್ತಿ ನೋಡಿದಳು. ಹಾರ್ನ್ ಮುದುಕನಂತೆ ಕೆಮ್ಮಿತು.

ಮುಂದಿನ ಗಂಟು ಬಿಚ್ಚಿದಾಗ ಮಗಳು ಕಣ್ಣರಳಿಸಿದಳು. ಆರನೆಯ ಕ್ಲಾಸಿನಲ್ಲಿ ಕೈ ಮುರಿದಾಗ ಹಾಕಿದ್ದ ಪ್ಲಾಸ್ಟರು, ಕತ್ತರಿಸಿದ ಎರಡು ಹೋಳನ್ನೂ ಸೇರಿಸಿ ಹೊಲಿದದ್ದು. ಮೇಲೆಲ್ಲ ಗೆಳತಿಯರ ಸಹಿಗಳು.

"ಅಮ್ಮ, ಇದನ್ನ ಯಾರಾದ್ರೂ ಗೋಡೆಗೆ ಹಾಕ್ತಾರಾ? ನಾಳೆ ನನ್ನ ನೋಡೋಕೆ ಯಾರಾದ್ರೂ ಬಂದ್ರೆ ಏನಂದ್ಕೋತಾರೆ?"

"ಕೈ ಗಟ್ಟಿಯಾಗಿದೆ ಅಂದ್ಕೋತಾರೆ. ಹಿಡಿ, ನಿನ್ನ ರೂಮಲ್ಲೇ ಹಾಕೋಣ."

ಮೂವತ್ತು ವರ್ಷ ಅಪಘಾತವಿಲ್ಲದೆ ಬಸ್ಸು ನಡೆಸಿದ್ದಕ್ಕೆ ಡಿಪೋದವರು ಕೊಟ್ಟ ಫಲಕ ಹೊರಬಂದಾಗ ಗಂಡ ಕೈಯಾಡಿಸಿ, "ಅದು ಒಳಗೇ ಇರಲಿ," ಎಂದ. ಅವಳು ಅದನ್ನು ಮತ್ತೆ ಸುತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಟ್ರಂಕಿನ ತಳ ಕಂಡಿತು. ಆಗ ಅವಳು ಮಲಗುವ ಕೋಣೆಗೆ ಹೋಗಿ, ಬಟ್ಟೆಗಳ ಹಿಂದೆ ಇಟ್ಟಿದ್ದ ಇನ್ನೊಂದು ಗಂಟನ್ನು ತಂದಳು. ಹೋದ ವಾರ ಇಬ್ಬರಿಗೂ ಹೇಳದೆ ಗಾಜಿನ ಅಂಗಡಿಯಲ್ಲಿ ಕಟ್ಟು ಹಾಕಿಸಿಕೊಂಡು ಬಂದದ್ದು. ಬಟ್ಟೆ ಬಿಚ್ಚಿ ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟಳು.

ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬಣ್ಣದ ಬಳಪದಿಂದ ಬರೆದ ಬಸ್ಸು. ಕಿಟಕಿಗೊಂದು ತಲೆ. ಡ್ರೈವರು ಮಾತ್ರ ಬಸ್ಸಿನ ಅರ್ಧಕ್ಕೆ ಬೆಳೆದು, ತಲೆ ಮಾಡಿನಿಂದಾಚೆ ಹೋಗಿತ್ತು. ಚಕ್ರ ಐದು. ಹಾಳೆಯ ಈ ಕಡೆಗೆ ಹಳೆಯ ಯಾವುದೋ ತಿಂಗಳ ಅಂಕಿಗಳು ತಿರುಗುಮುರುಗಾಗಿ ಮಸುಕಾಗಿ ಮೂಡಿದ್ದವು.

ಅವನು ಒಂದು ಸಲ ನೋಡಿ ಮುಖ ತಿರುಗಿಸಿದ.

"ಇದೊಂದು ಬೇಡ."

"ಬಾಗಿಲಿಗೆ ಎದುರು ಜಾಗ ಬಿಟ್ಟಿದ್ದೀನಿ," ಎಂದಳು ಅವಳು. "ಬೆಳಿಗ್ಗೆಯಿಂದ ಅಲ್ಲಿ ಏನೂ ಹಾಕಿಸಲಿಲ್ಲ, ನೋಡಿ."

"ಬೇಡ ಅಂದೆ ಕಣೇ."

"ಇಷ್ಟು ವರ್ಷ ಮಾಲೀಕರು ಬೇಡ ಅಂದ್ರು. ಈಗ ನೀವು."

ಅವನು ಕುರ್ಚಿಯಿಂದ ಇಳಿದ. ಡ್ರಿಲ್ಲನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವ ಹಾಗೆ, ನೆಲದ ಮೇಲಿಟ್ಟ. "ಇದರ ಮೂತಿ ಮೊಂಡಾಗಿದೆ, ಬೇರೆ ತರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಭಾನುವಾರ ಅಂಗಡಿ ತೆರೆದಿರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮಗಳು ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ತನಗಿಂತ ಮೊದಲು ಒಬ್ಬ ಅಣ್ಣನಿದ್ದ, ನಾಲ್ಕೂವರೆ ವರ್ಷಕ್ಕೆ ಜ್ವರ ಬಂದು ಹೋದ ಎಂಬಷ್ಟೇ ಅವಳಿಗೆ ತಿಳಿದದ್ದು. ಅವಳು ಬೆಳೆಯುತ್ತಾ ಬಂದಿದ್ದಳು, ಅವನು ಅಲ್ಲೇ ನಿಂತು ಈಗ ಅವಳಿಗಿಂತ ಎಷ್ಟೋ ಚಿಕ್ಕವನಾಗಿದ್ದ.

"ಅಣ್ಣ ಬರೆದದ್ದಾ? ಅಪ್ಪ ಯಾಕೆ ಹಾಗೆ ಹೊರಟು ಹೋದ?"

ಅಮ್ಮ ಪೇಪರಿನ ಮೇಲಿದ್ದ ಇಟ್ಟಿಗೆ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡುತ್ತಾ ಹೇಳಿದಳು.

ಆಗ ಅವರಿದ್ದ ಮನೆ ಅಪ್ಪನ ಬಸ್ಸು ಓಡುವ ದಾರಿಯಲ್ಲೇ ಇತ್ತು. ಜ್ವರ ಬಂದು ಮೂರನೆಯ ದಿನ, ಮಧ್ಯಾಹ್ನ ಕರೆದರೂ ಮಗು ಸರಿಯಾಗಿ ಕಣ್ಣು ಬಿಡಲಿಲ್ಲ. ಅವಳು ಎತ್ತಿಕೊಂಡು ರಸ್ತೆಗೆ ಬಂದಳು. ಬಾಡಿಗೆ ಗಾಡಿ ಒಂದೂ ಸಿಗಲಿಲ್ಲ. ಮೊದಲು ಬಂದದ್ದು ಗಂಡನ ಬಸ್ಸೇ. ದೇವರೇ ಕಳಿಸಿದ ಎಂದುಕೊಂಡು ಹತ್ತಿದಳು. ಆಸ್ಪತ್ರೆಗೆ ಹದಿನಾಲ್ಕು ನಿಲ್ದಾಣ. ಬಸ್ಸು ಹದಿನಾಲ್ಕು ಕಡೆಯೂ ನಿಂತಿತು. ಆಸ್ಪತ್ರೆಯ ಮುಂದೆ ಅವಳು ಇಳಿದಳು, ಅವನು ಕೊನೆಯ ನಿಲ್ದಾಣಕ್ಕೆ ಬಸ್ಸು ಮುಟ್ಟಿಸಿ ಇನ್ನೊಬ್ಬ ಡ್ರೈವರನಿಗೆ ಒಪ್ಪಿಸಿ ಓಡಿ ಬಂದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ ಅಂತ ಡಾಕ್ಟರು ಅಂದದ್ದು ಒಂದೇ ಸಲ," ಎಂದಳು ಅಮ್ಮ. "ಅದೂ ಚೀಟಿ ಬರೀತಾ, ತಲೆ ಎತ್ತದೆ. ನಿಮ್ಮಪ್ಪ ಅದನ್ನ ಕೇಳಿಸಿಕೊಂಡುಬಿಟ್ರು."

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು.

ಅವನು ಎಲ್ಲಿರುತ್ತಾನೆಂದು ಅವಳು ಹುಡುಕಬೇಕಾಗಲಿಲ್ಲ. ಬಡಾವಣೆಯ ತುದಿಯ ಬಸ್ ನಿಲ್ದಾಣದಲ್ಲಿ, ಕಲ್ಲು ಬೆಂಚಿನ ಮೇಲೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು. ಇಬ್ಬರನ್ನು ಕಂಡು ಒಂದು ಬಸ್ಸು ನಿಂತಿತು, ಬಾಗಿಲು ತೆರೆಯಿತು. ಅವನು ಕೈ ಎತ್ತಿ, ಹೋಗು ಎಂದು ಸನ್ನೆ ಮಾಡಿದ. ಡ್ರೈವರು ಗುರುತು ಹಿಡಿದು ಹಣೆಗೆ ಕೈ ಹಚ್ಚಿ ಮುಂದೆ ಹೋದ.

"ಅದನ್ನ ನೋಡಿದ್ರೆ ನಂಗೆ ಬಸ್ಸೇ ಕಾಣೋದು," ಎಂದ ಅವನು.

"ನಂಗೆ ಅವನ ಕೈ ಕಾಣುತ್ತೆ. ಫೋಟೋ ಅಂದ್ರೆ ಸ್ಟುಡಿಯೋದವನು ತೆಗೆದದ್ದು, ಅಂಗಿ ಅಂದ್ರೆ ನಾನು ಹೊಲಿದದ್ದು. ಅವನೇ ಮಾಡಿದ್ದು ಅಂತ ನನ್ನ ಹತ್ರ ಇರೋದು ಅದೊಂದೇ ರೀ."

ಅವನು ರಸ್ತೆಯನ್ನು ನೋಡುತ್ತಲೇ ಮಾತಾಡಿದ.

"ಮಾರ್ಕೆಟ್ ಸ್ಟಾಪಲ್ಲಿ ಒಬ್ಬ ಅಜ್ಜಿ ಇಳಿದಳು. ಒಂದು ಮೂಟೆ ಇತ್ತು. ಅದನ್ನ ಇಳಿಸೋ ತನಕ ಕಾದೆ. ಕಂಡಕ್ಟರ್ ಸೀಟಿ ಊದಿದ ಮೇಲೂ, ಅಜ್ಜಿ ಪಕ್ಕಕ್ಕೆ ಸರೀಲಿ ಅಂತ ಕಾದೆ. ಆಗ ಕನ್ನಡೀಲಿ ನಿನ್ನ ನೋಡಿದೆ."

"ಗೊತ್ತು."

"ನೀನು ನಕ್ಕೆ. ಮಗು ಮಲಗಿದೆ ಅಂದ್ಕೊಂಡೆ ನಾನು."

ಇನ್ನೊಂದು ಬಸ್ಸು ಬಂತು, ನಿಂತಿತು. ಅವನು ಕೈ ಬೀಸಿದ. ಬಾಗಿಲು ಮುಚ್ಚಿಕೊಂಡು ಹೋಯಿತು.

"ಅವನ ತಲೆ ನನ್ನ ಭುಜದ ಮೇಲೆ ಭಾರ ಬಿದ್ದಿತ್ತು," ಎಂದಳು ಅವಳು. "ಎಲ್ಲೂ ನಿಲ್ಲಿಸಬೇಡಿ, ಸೀದಾ ಹೋಗಿ ಅಂತ ಬಾಯಿಗೆ ಬಂದಿತ್ತು. ಬಸ್ ತುಂಬ ಜನ. ಅವರೆಲ್ಲ ಏನಂದ್ಕೋತಾರೋ, ನಿಮ್ಮ ಕೆಲಸಕ್ಕೆ ಏನಾಗುತ್ತೋ ಅಂತ ನುಂಗಿಕೊಂಡೆ. ಕನ್ನಡೀಲಿ ನೀವು ನೋಡಿದಾಗ, ಗಾಬರಿಯಾಗಿ ಎಲ್ಲಾದ್ರೂ ಗುದ್ದಿಬಿಟ್ಟೀರಿ ಅಂತ ನಕ್ಕೆ. ನೀವು ಕೇಳ್ತೀರ, ಆಗ ಹೇಳೋಣ ಅಂತ ಇಪ್ಪತ್ತಮೂರು ವರ್ಷ ಕಾದೆ. ನೀವು ಕೇಳಲೇ ಇಲ್ಲ."

ಅವನು ಅವಳ ಕಡೆಗೆ ತಿರುಗಿದ. ಕಿವಿಯ ಪಕ್ಕದ ನರೆಗೂದಲಲ್ಲಿ ಇಟ್ಟಿಗೆಯ ಕೆಂಪು ಪುಡಿ ಮೆತ್ತಿಕೊಂಡಿತ್ತು. ಅದನ್ನು ಬೆರಳಿನಿಂದ ಕೊಡವಿದ. ಅಷ್ಟು ಮಾಡಿ, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಬೆಂಚಿನ ಮೇಲೆ ಅವರಿಬ್ಬರ ನಡುವೆ ಇಟ್ಟ. ಬಿಸಿಲು ರಸ್ತೆಯಿಂದ ಬೆಂಚಿನ ಕಾಲಿನವರೆಗೆ ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು. ನಾಲ್ಕೈದು ಬಸ್ಸುಗಳು ನಿಂತು ಹೋದವು.

ಮನೆಗೆ ಬಂದವನು ನೀರು ಕುಡಿದು, ಅದೇ ಮೊಂಡು ಮೂತಿಯ ಡ್ರಿಲ್ಲನ್ನು ಎತ್ತಿಕೊಂಡ. ಕುರ್ಚಿ ಹತ್ತಲಿಲ್ಲ. ಬಾಗಿಲಿಗೆ ಎದುರಿನ ಗೋಡೆಯ ಮುಂದೆ ಮೊಣಕಾಲೂರಿ, ತನ್ನ ಸೊಂಟಕ್ಕಿಂತ ಕೆಳಗೆ ಗುರುತು ಹಾಕಿದ.

"ಅಪ್ಪ, ತುಂಬಾ ಕೆಳಗಾಯ್ತು," ಎಂದಳು ಮಗಳು.

"ಇರಲಿ. ಅವನ ಎತ್ತರಕ್ಕೆ."

ಅಮ್ಮ ಬೆರಳಿನ ಲೆಕ್ಕ ಹೇಳಲಿಲ್ಲ. ಪೇಪರು ಹಿಡಿದು ಬಗ್ಗಿದಳು. ಗೋಡೆ ಅಲ್ಲಿ ಗಟ್ಟಿಯಿತ್ತು. ಡ್ರಿಲ್ಲು ಎರಡು ಸಲ ಜಾರಿ ಬಣ್ಣವನ್ನು ಗೀಚಿತು, ಮೂರನೆಯ ಸಲ ಒಳಗಿಳಿಯಿತು.

ಚಿತ್ರವನ್ನು ತೂಗುಹಾಕಿದ ಮೇಲೆ ಅವನಿಗೆ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಗೋಡೆ ಹಿಡಿದು ಎದ್ದ, ಒಳಗೆ ಹೋಗಿ ಮಂಚದ ಮೇಲೆ ಕೂತ. ಅಮ್ಮ ನೆಲ ಗುಡಿಸಿದಳು. ಫಲಕದ ಗಂಟನ್ನು ಪಕ್ಕಕ್ಕಿಟ್ಟು, ಖಾಲಿ ಟ್ರಂಕನ್ನು ಮಗಳು ಒರೆಸಿ ಹಿತ್ತಿಲ ಬಿಸಿಲಿಗೆ ಇಟ್ಟು ಬಂದಳು.

ಸಂಜೆ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಗಳು ಚಿತ್ರದ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವನು ಕೋಣೆಯಿಂದ ಬಂದು ಅವಳ ಹಿಂದೆ ನಿಂತ. ನಿಂತೇ ಇದ್ದ.

"ಅಪ್ಪ, ಚಕ್ರ ಯಾಕೆ ಐದು?"

ಅವನು ಚಿತ್ರದ ಕಡೆಗೆ ಬಗ್ಗಿದ.

"ಒಂದು ಸ್ಟೆಪ್ನಿ. ಡಿಪೋದಲ್ಲಿ ತೋರಿಸಿದ್ದೆ, ಬಸ್ಸಿನ ಕೆಳಗೆ ಇನ್ನೊಂದು ಇರುತ್ತೆ ಅಂತ. ಬಿಡಬಾರದಲ್ಲ, ಅದನ್ನೂ ಹಾಕಿದ." ಅವನು ಗೋಡೆಗೆ ಕೈಯೂರಿ ನಿಧಾನವಾಗಿ ಮಗಳ ಪಕ್ಕ ಕೂತ. "ಇವನು ಕಂಡಕ್ಟರು. ಬಾಯಲ್ಲಿ ಇರೋದು ಸೀಟಿ. ಬೀಡಿ ಅಲ್ಲ. ಎಲ್ಲರೂ ಬೀಡಿ ಅಂತ ಚುಡಾಯಿಸಿ ನಿನ್ನ ಅಣ್ಣನನ್ನ ಅಳಿಸಿಬಿಟ್ಟಿದ್ರು. ಇದು ನಿಮ್ಮಮ್ಮ, ಜಡೆ ಕಿಟಕಿಯಿಂದ ಆಚೆ ಬಂದಿದೆ ನೋಡು."

"ಅಣ್ಣ ಎಲ್ಲಿ?"

"ಅವನು ಇರಲಿಲ್ಲ. ಎಲ್ಲರನ್ನೂ ಕೂರಿಸಿ ತನ್ನನ್ನೇ ಮರೆತಿದ್ದ. ನೀನೆಲ್ಲೋ ಅಂತ ನಾನು ಕೇಳಿದೆ..."

ಅಡುಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿದಳು. ಸೋಪಿನ ಕೈಗಳನ್ನು ಮುಂದೆ ಚಾಚಿಕೊಂಡು, ನೊರೆ ಮೊಣಕೈಯವರೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ತಾನೂ ಎಂದೂ ಕೇಳಿರದ ಮುಂದಿನ ಮಾತಿಗೆ ಕಿವಿಗೊಟ್ಟು ನಿಂತಳು.